ಹಗ್ಗ ಓಡಿದ ಅಂಗೈ

ತೂಕದ ತಾತನ ಬಲ ಅಂಗೈಯಲ್ಲಿ ಆಯುಷ್ಯರೇಖೆಯನ್ನು ಅಡ್ಡಹಾಯ್ದು ಹೋದ ಒಂದು ಬಿಳಿ ಗೆರೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಹಗ್ಗ ಸುಟ್ಟದ್ದು. ಕಿರುಬೆರಳ ಬುಡದಿಂದ ಹೆಬ್ಬೆರಳ ಸಂದಿಯವರೆಗೆ ಕುಂಟೆ ಹೊಡೆದ ಸಾಲಿನಂತೆ ನೇರವಾಗಿ ಓಡಿತ್ತು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಅದನ್ನು ಕಂಡು, "ಇದು ಯಾವ ರೇಖಾ ರೀ ಯಜಮಾನ್ರ? ನಮ್ಮ ಪುಸ್ತಕದಾಗ ಇಲ್ಲಲ್ಲ" ಎಂದು ತಬ್ಬಿಬ್ಬಾದ. "ಇದು ಜರ್ಮನಿ ರೇಖಾ ತಮ್ಮಾ. ನಿನ್ನ ಪುಸ್ತಕದಾಗ ಇರಂಗಿಲ್ಲ" ಎಂದು ಇವರು ಬಲು ಗಂಭೀರವಾಗಿ ಹೇಳಿ ಅವನನ್ನು ಸಾಗಹಾಕಿದರು. ಆ ರೇಖೆ ಮೂಡಿದ ದಿನ ನಾನು ಅವರಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ, ಆದರೂ ಏನೂ ಕಾಣಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಹೊರಗೆ ದೊಡ್ಡ ಯುದ್ಧ ನಡೆದಿತ್ತು. ಪೆಟ್ರೋಲು ಸಿಗದೆ ಲಿಂಗಸುಗೂರಿನ ಮೋಟಾರು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿತ್ತು. ಲಿಂಗಸುಗೂರಿನವನಾದ ನಾನು ಅದೇ ಮೋಟಾರಿನಲ್ಲಿ ಸಿಂಧನೂರಿನ ಶಾಲೆಗೆ ಗಣಿತದ ಮಾಸ್ತರನಾಗಿ ಬಂದಿಳಿದೆ. ವಯಸ್ಸು ಇಪ್ಪತ್ಮೂರು, ಹೈದರಾಬಾದಿನಲ್ಲಿ ಕಲಿತು ಬಂದ ಸೊಕ್ಕು ಮೈತುಂಬ. ಲೆಕ್ಕವನ್ನು ಉರ್ದುವಿನಲ್ಲಿ ಕಲಿಸಬೇಕು, ಅರ್ಥವಾಗಲಿ ಎಂದು ಕನ್ನಡದಲ್ಲಿ ಬೈಯಬೇಕು. ಇಂಥ ಊರಿನಲ್ಲಿ ನನ್ನ ವಿದ್ಯೆಗೆ ಸರಿಜೋಡಿ ಯಾರಿದ್ದಾರೆ ಎಂದುಕೊಂಡಿದ್ದೆ. ಸರಿಜೋಡಿ ಹತ್ತಿ ಪೇಟೆಯಲ್ಲಿ ತಕ್ಕಡಿ ಹಿಡಿದು ನಿಂತಿದ್ದರು.

ಊರೆಲ್ಲ ಅವರನ್ನು ತೂಕದ ತಾತ ಎನ್ನುತ್ತಿತ್ತು. ಮಸ್ಕಿಯವರು. ಗಿಡ್ಡ ಆಳು, ತೋಳು ಮಾತ್ರ ಮೊಣಕಾಲಿನವರೆಗೆ. "ತೂಗಿ ತೂಗಿ ಜಗ್ಗ್ಯಾವ" ಎಂದು ತಾವೇ ನಗುತ್ತಿದ್ದರು. ಮೂರು ಬೊಂಬು ಕೂಡಿಸಿ ಕಟ್ಟಿ ತೂಗುಬಿಟ್ಟ ಆಳೆತ್ತರದ ತಕ್ಕಡಿ ಅವರದು. ಹಮಾಲರು ಒಂದು ತಟ್ಟೆಗೆ ಹತ್ತಿ ಏರಿಸಿದರೆ ಇವರು ಇನ್ನೊಂದರಲ್ಲಿ ಕಬ್ಬಿಣದ ತೂಕದ ಕಲ್ಲು ಇಡುತ್ತಿದ್ದರು. ಇಡುತ್ತಿದ್ದರು ಎಂದೆ, ಹಾಕುತ್ತಿದ್ದರು ಎನ್ನಲಿಲ್ಲ. ಕಲ್ಲನ್ನು ಮೊದಲು ಕಣ್ಣಿಗೆ ಒತ್ತಿಕೊಂಡು, ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ ಮೆತ್ತಗೆ ಇಳಿಸುವುದು ಅವರ ಪದ್ಧತಿ. ತೂಕದ ಕಲ್ಲು ಕೈಯಿಂದ ಜಾರಿ ನೆಲಕ್ಕೆ ಬಿದ್ದರೆ ಅವತ್ತು ಅವರು ಒಪ್ಪತ್ತು ಉಪವಾಸ. ಎಣಿಸುವಾಗ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎಂದು ಉದ್ದಕ್ಕೆ ರಾಗ ಎಳೆಯುತ್ತಿದ್ದರು, ಎಣಿಕೆ ಎರಡರಿಂದ. ಎತ್ತಿನ ಬಂಡಿ ಹೂಡಿಕೊಂಡು ದೂರದಿಂದ ಬಂದ ರೈತರು ಪಕ್ಕದಲ್ಲಿ ಬೇರೆ ತಕ್ಕಡಿ ಖಾಲಿ ಇದ್ದರೂ ಇವರ ಸರದಿಗಾಗಿ ಕಾಯುತ್ತಿದ್ದರು. ತೂಕದ ತಾತ ಹೇಳಿದ ಮೇಲೆ ಅದು ಮುಗಿದ ಮಾತು.

ನಮ್ಮನ್ನು ಕೂಡಿಸಿದವರು ಮುದಗಲ್ಲಿನಿಂದ ಬಂದು ನೆಲೆಸಿದ್ದ ಹಕೀಮ್ ಸಾಹೇಬರು. ಅವರಿಗೆ ಹೈದರಾಬಾದಿನಿಂದ ಪ್ರತಿ ತಿಂಗಳು ವಿಜ್ಞಾನದ ಒಂದು ಉರ್ದು ಪತ್ರಿಕೆ ಬರುತ್ತಿತ್ತು. ಶುಕ್ರವಾರ ಶಾಲೆಗೂ ಕಚೇರಿಗೂ ರಜೆ. ಮಧ್ಯಾಹ್ನದ ನಮಾಜು ಮುಗಿಸಿ ಅವರು ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿ ಪೇಟೆಯ ಹಿಂದಿನ ಹುಣಸೆ ಮರದ ಕೆಳಗೆ ಬಂದರೆಂದರೆ ನಮ್ಮ ದರ್ಬಾರು ಶುರು. ಸಾಹೇಬರು ಓದುವರು, ನಾನು ಬಿಡಿಸಿ ಹೇಳುವೆ, ತಾತ ತಕರಾರು ತೆಗೆಯುವರು. ಹಮಾಲರು ಸುತ್ತ ಕುಳಿತು ಯಾರು ಚೆನ್ನಾಗಿ ಬೈದರೆ ಅವರ ಕಡೆ ಆಗುವರು. ಅಯ್ಯೋ, ಎಂಥ ಶುಕ್ರವಾರಗಳು! ಗುರುವಾರ ಸಂಜೆಯಿಂದಲೇ ನನಗೆ ಊಟ ಸೇರುತ್ತಿರಲಿಲ್ಲ.

ಮೊದಲ ಜಗಳ ಕಾಲದ ಮೇಲೆ. ಜರ್ಮನಿಯ ಒಬ್ಬ ಪಂಡಿತ ಹೊಸ ವಿಚಾರ ಹೇಳಿದ್ದಾನೆ, ಓಡುವವನ ಗಡಿಯಾರ ಮತ್ತು ನಿಂತವನ ಗಡಿಯಾರ ಒಂದೇ ಸಮಯ ತೋರಿಸುವುದಿಲ್ಲ, ಎಲ್ಲರಿಗೂ ಒಂದೇ ಕಾಲ ಎಂಬುದಿಲ್ಲ ಎಂದು ಪತ್ರಿಕೆ ಬರೆದಿತ್ತು. ಸಾಹೇಬರು ಇದನ್ನು ಆಕಾಶವೇ ಕಳಚಿ ಬಿತ್ತೇನೋ ಎಂಬ ದನಿಯಲ್ಲಿ ಓದಿದರು. ತಾತ ಎಲೆಗೆ ಸುಣ್ಣ ಹಚ್ಚುತ್ತ ತಲೆ ಕೂಡ ಎತ್ತಲಿಲ್ಲ.

"ಇದನ್ನ ಹೇಳಾಕ ಜರ್ಮನಿ ಮಟ ಹೋಗಬೇಕಿತ್ತೇನ್ರಿ? ಲಿಂಗಸುಗೂರ ಕಚೇರ್ಯಾಗ ಜವಾನ ಹತ್ತು ಬಡದಾಗ ನಮ್ಮ ಕಚೇರ್ಯಾಗ ಒಂಬತ್ತೂವರಿ. ನಮ್ಮ ಜವಾನ ಉಂಡು ಅಡ್ಡಾದ ಅಂದ್ರ ಸಿಂಧನೂರಾಗ ಎರಡು ಆಗೂದೇ ಇಲ್ಲ."

"ಅದು ಜವಾನನ ತಪ್ಪು ತಾತ, ಕಾಲದ ತಪ್ಪಲ್ಲ" ಎಂದೆ.

"ಹಂಗಾರ ಖರೇ ಕಾಲ ಯಾರ ಮನ್ಯಾಗ ಐತಿ? ತೋರಸ್ರಿ ಮಾಸ್ತರ, ನಾನೂ ನೋಡಿ ಕೈ ಮುಗಿದು ಬರ್ತೀನಿ."

ನನ್ನ ಹಾಜರಿ ಪುಸ್ತಕದಲ್ಲಿ ನಿಜಾಮ ಸರಕಾರದ ಫಸಲಿ ವರ್ಷ, ಸಾಹೇಬರ ಗೋಡೆಯ ಮೇಲೆ ಹಿಜರಿ, ತಾತನ ಮನೆಯ ಪಂಚಾಂಗದಲ್ಲಿ ಶಕ, ಸಾಹೇಬರ ತೊಡೆಯ ಮೇಲಿನ ಪತ್ರಿಕೆಯಲ್ಲಿ ಇಂಗ್ಲಿಷು. ಒಂದೇ ಹುಣಸೆ ಮರದ ಕೆಳಗೆ ನಾಲ್ಕು ವರ್ಷ ಕುಳಿತಿದ್ದವು. ಹಮಾಲರು ಹೋ ಎಂದು ತಾತನ ಕಡೆ ಆದರು. ಅಂದಿನಿಂದ ಆ ಪಂಡಿತ ತಾತನಿಗೆ ಬೀಗನಂತಾದ. "ಏನಂತಾನ್ರಿ ನಮ್ಮ ಜರ್ಮನಿಯಾಂವ?" ಎಂದು ಬಂದ ಕೂಡಲೇ ಕೇಳುವರು.

ಈ ಬೀಗತನ ಮುರಿದು ಬಿದ್ದದ್ದು ಭಾರದ ವಿಷಯಕ್ಕೆ. ಅದೇ ಪಂಡಿತನ ಇನ್ನೊಂದು ಮಾತು ಪತ್ರಿಕೆಯಲ್ಲಿ ಬಂತು: ಮಾಳಿಗೆಯಿಂದ ಬೀಳುವ ಮನುಷ್ಯನಿಗೆ, ಬೀಳುತ್ತಿರುವಷ್ಟು ಹೊತ್ತು, ತನ್ನ ಭಾರ ಇರುವುದೇ ಇಲ್ಲ. ಸಾಹೇಬರು ಓದಿ ಮುಗಿಸುವ ಮೊದಲೇ ತಾತ ಎದ್ದು ನಿಂತಿದ್ದರು.

"ಸುಳ್ಳ! ಬೀಳೋ ಕಲ್ಲಿಗೆ ಭಾರ ಇಲ್ಲಂದ್ರ ತಲಿ ಮ್ಯಾಲ ಬಿದ್ದಾಗ ತಲಿ ಯಾಕ ಒಡೀತೈತಿ?"

"ಅರೇ ಭಾಯಿ, ತಲೆ ಅದನ್ನ ತಡೀತೈತಿ ಅಂತ ಒಡೀತೈತಿ. ತಡೀಲಿಲ್ಲ ಅಂದ್ರ ಯಾವ ಭಾರ?" ಎಂದರು ಸಾಹೇಬರು.

ಸಾಕ್ಷಿಗೆ ಒಬ್ಬ ಹಮಾಲನನ್ನು ಕರೆದೆವು. ಹೋದ ಬೇಸಿಗೆಯಲ್ಲಿ ಅವನು ಮಾಳಿಗೆಯ ಮೇಲೆ ಮಲಗಿದ್ದವನು ಉರುಳಿ ಕೆಳಗಿನ ಕಣಿಕೆ ಮೇವಿನ ರಾಶಿಯ ಮೇಲೆ ಬಿದ್ದಿದ್ದ. ಊರಲ್ಲಿ ಆ ಅನುಭವ ಇದ್ದವನು ಅವನೊಬ್ಬನೇ. "ಬೀಳೂವಾಗ ನಿನಗ ನಿನ್ನ ಭಾರ ಇತ್ತೋ ಇಲ್ಲೋ? ನೆನಸ್ಕೊಂಡು ಹೇಳು" ಎಂದು ತಾತ ಗದರಿಸಿದರು. ಅವನು ಬಹಳ ಹೊತ್ತು ನೆನೆಸಿಕೊಂಡ. "ನಾ ಯವ್ವಾ ಅಂತ ಒದರಾಕತ್ತಿದ್ದೆ ರೀ. ಭಾರ ನೋಡಾಕ ಆಗಲಿಲ್ಲ" ಎಂದ. ಸಾಕ್ಷಿ ಹಾಗೆ ಬಿದ್ದುಹೋಯಿತು.

ಎಲ್ಲರೂ ನಕ್ಕರು, ತಾತ ನಗಲಿಲ್ಲ. ನಮಗೆ ಅದು ಶುಕ್ರವಾರದ ಮೋಜು, ಅವರಿಗೆ ಹಾಗಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವರು ಹೋಗಿ ತಕ್ಕಡಿಯ ದಂಡಿಯ ಮೇಲೆ ಕೈ ಇಟ್ಟರು.

"ಕೇಳ್ರಿ ಎಲ್ಲಾರೂ. ಮಣ ಹತ್ತಿ ಅಂದ್ರ ಮಣ ಹತ್ತಿ. ಎತ್ತಿದ್ರೂ ಅಷ್ಟೇ, ಇಳಿಸಿದ್ರೂ ಅಷ್ಟೇ, ಒಗದ್ರೂ ಅಷ್ಟೇ. ಭಾರ ವಸ್ತುವಿನ್ಯಾಗ ಇರ್ತೈತಿ, ಅದು ಬಂದು ಹೋಗೋ ನೆಂಟ ಅಲ್ಲ. ಅದನ್ನ ನಂಬಿ ನಾ ನಲವತ್ತು ವರ್ಷ ಜನಕ್ಕ ತೂಕ ಹೇಳೀನಿ. ಅದು ಸುಳ್ಳಂತ ನನ್ನ ಕಣ್ಣಿಗೆ ತೋರಸ್ರಿ. ತೋರಿಸಿದ್ರ ಈ ತಕ್ಕಡಿ ಮತ್ತ ಮುಟ್ಟಂಗಿಲ್ಲ. ಆಣಿ ಮಾಡೀನಿ."

ಹಮಾಲರ ನಗು ನಿಂತಿತು. ತಾತ ಆಣೆ ಮಾಡಿದ್ದನ್ನು ಆವರೆಗೆ ಯಾರೂ ಕೇಳಿರಲಿಲ್ಲ. ಸಾಹೇಬರು ನನ್ನ ಮುಖ ನೋಡಿದರು. ಸೊಕ್ಕಿನ ನಾನು, "ಮುಂದಿನ ಶುಕ್ರವಾರ ತೋರಿಸ್ತೀನಿ" ಎಂದುಬಿಟ್ಟೆ.

ಆ ವಾರ ನಾನು ಪಾಠ ಮಾಡಿದ್ದು ಅಷ್ಟಕ್ಕಷ್ಟೆ. ಯುದ್ಧದ ಕಾಲದಲ್ಲಿ ಬಂಗಾರದಂತೆ ಕಾಪಾಡಿಕೊಂಡಿದ್ದ ನನ್ನ ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ ಎರಡು ಪಟ್ಟಿ ಮಾಡಿದೆ. ಚಹಾದ ಕಟ್ಟಿಗೆ ಪೆಟ್ಟಿಗೆಯೊಂದರ ಮುಂಭಾಗ ಕಿತ್ತು, ಆ ಪಟ್ಟಿಗಳಿಂದ ಒಳಗೆ ತಾತನೇ ಕೊಟ್ಟ ಒಂದು ತೂಕದ ಕಲ್ಲು ತೂಗುಬಿಟ್ಟೆ. ಕಲ್ಲಿನ ಭಾರಕ್ಕೆ ರಬ್ಬರು ಒಂದು ಗೇಣು ಜಗ್ಗಿ ನಿಂತಿತು. ಕಲ್ಲಿನ ನೆತ್ತಿಯ ಮೇಲೆ, ಪೆಟ್ಟಿಗೆಯ ಮೇಲುಹಲಗೆಗೆ, ನಾಲಿಗೆ ತೆಗೆದ ಎತ್ತಿನ ಗಂಟೆ ಕಟ್ಟಿದೆ. ಇಡೀ ಪೆಟ್ಟಿಗೆಯನ್ನು ಮೇಲಿನಿಂದ ಬಿಡುವುದು. ಬೀಳುವಾಗ ಕಲ್ಲಿನ ಭಾರ ಹೋಗುವುದು ನಿಜವಾದರೆ ಜಗ್ಗಿದ ರಬ್ಬರು ಅದನ್ನು ಮೇಲಕ್ಕೆ ಸೆಳೆಯಬೇಕು, ಪೆಟ್ಟಿಗೆ ನೆಲ ಮುಟ್ಟುವ ಮೊದಲೇ ಕಲ್ಲು ಗಂಟೆಗೆ ಬಡಿಯಬೇಕು. ಭಾರ ಹೋಗದಿದ್ದರೆ ಗಂಟೆ ಸುಮ್ಮನಿರುತ್ತದೆ. ಕುರುಡನಿಗೂ ಗೊತ್ತಾಗುವ ಪರೀಕ್ಷೆ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಶುಕ್ರವಾರ ಅರ್ಧ ಸಿಂಧನೂರು ಹುಣಸೆ ಮರದ ಕೆಳಗಿತ್ತು. ಮರದ ಕೊಂಬೆಯ ಮೇಲಿಂದ ಹಗ್ಗ ಹಾಯಿಸಿ ಪೆಟ್ಟಿಗೆಯನ್ನು ಎರಡಾಳು ಎತ್ತರಕ್ಕೆ ಎಳೆದೆವು. ಕೆಳಗೆ ಹತ್ತಿ ತುಂಬಿದ ಚೀಲ ಹಾಸಿದ್ದೆವು. ಹಗ್ಗದ ತುದಿ ಹಿಡಿಯುವವರು ತಾತನೇ ಎಂದು ಎಲ್ಲರೂ ಒಪ್ಪಿದರು. ಕಲ್ಲು ಅವರದು, ಆಣೆ ಅವರದು. ನನ್ನ ಕಣ್ಣು ಗಂಟೆಯ ಮೇಲೆ, ಸಾಹೇಬರ ಕಣ್ಣೂ ಗಂಟೆಯ ಮೇಲೆ. "ಬಿಡ್ರಿ!" ಎಂದೆ.

ಪೆಟ್ಟಿಗೆ ಇಳಿಯಿತು. ಹತ್ತಿಯ ಮೇಲೆ ಮೆತ್ತಗೆ ಕುಳಿತಿತು. ಗಂಟೆ ಸದ್ದು ಮಾಡಲಿಲ್ಲ.

ಜನ ಚಪ್ಪಾಳೆ ತಟ್ಟಿ ಕುಣಿದರು. ಹಮಾಲರು ತಾತನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತಿದರು. ನಾನು ಏನು ಮಾಡಿದೆ ಗೊತ್ತೆ? ಟ್ಯೂಬು ಹಳೆಯದು, ಅದರ ಜೀವ ಹೋಗಿದೆ ಎಂದೆ. ಗಂಟೆ ಒಂದು ಬೆರಳು ಮೇಲಾಯಿತು ಎಂದೆ. ಸಾಹೇಬರು ಪತ್ರಿಕೆಯವರು ಅನುವಾದದಲ್ಲಿ ಎಡವಿರಬೇಕು ಎಂದರು. ಹೈದರಾಬಾದಿನಲ್ಲಿ ಕಲಿತ ನನ್ನ ತಲೆಯಲ್ಲಿ ಒಂದು ಗಳಿಗೆಗೆ ಹತ್ತು ನೆಪ ಹುಟ್ಟಿದವು. ಪೆಟ್ಟಿಗೆ ಯಾಕೆ ಅಷ್ಟು ಮೆತ್ತಗೆ ಕುಳಿತಿತು ಎಂಬ ಒಂದು ಪ್ರಶ್ನೆ ಮಾತ್ರ ಹುಟ್ಟಲಿಲ್ಲ.

ಆ ವಾರವೆಲ್ಲ ತಾತ ಪೇಟೆಯ ರಾಜ. ಚಹಾದ ಅಂಗಡಿಯವನು ಕರೆದು ಕರೆದು ಮಿರ್ಚಿ ಭಜಿ ಕೊಟ್ಟ. ನಾನು ಎದುರಾದರೆ ಹುಡುಗರು "ಠಣ್" ಎಂದು ಕೂಗಿ ಓಡುವರು. ನನಗೆ ಮುಖ ಎತ್ತಲಾಗದಂತಾಗಿತ್ತು. ಆದರೆ ತಾತ ಬಲಗೈಗೆ ಅರಿವೆ ಸುತ್ತಿಕೊಂಡು ಎಡಗೈಯಲ್ಲಿ ಕಲ್ಲು ಇಡುತ್ತಿದ್ದರಂತೆ, ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಗೆದ್ದವರ ಗತ್ತು ಎಂದುಕೊಂಡೆ.

ಮರು ಶುಕ್ರವಾರ ನಾನು ಹೋಗುವುದೇ ಬೇಡ ಎಂದಿದ್ದೆ. ತಾತನೇ ಹೇಳಿ ಕಳಿಸಿದರು. ಹೋದರೆ ಮತ್ತೆ ಜಾತ್ರೆಯಷ್ಟು ಜನ. ಇಬ್ಬರು ಹಮಾಲರು ಹಗ್ಗ ಹಿಡಿದಿದ್ದರು, ಪೆಟ್ಟಿಗೆ ಮರಕ್ಕೆ ತೂಗಾಡುತ್ತಿತ್ತು. ತಾತ ನಡುವೆ ನಿಂತು ಕೈಯ ಅರಿವೆ ಬಿಚ್ಚಿದರು. ಅಂಗೈಯಲ್ಲಿ ಕೆಂಪಗೆ, ಹಸಿಹಸಿ, ಅಡ್ಡ ಗೆರೆ.

"ಇದೇನು ಹೇಳ್ರಿ ಮಾಸ್ತರ?"

"ಹಗ್ಗ ಸುಟ್ಟದ್ದು" ಎಂದೆ.

"ನಾ ಹಗ್ಗ ಬಿಟ್ಟಿದ್ದು ಖರೇ ಆಗಿದ್ರ ಅದು ಯಾಕ ಸುಡ್ತಿತ್ತು?"

ತಾತ ಅಂಗೈಯನ್ನು ಸುತ್ತ ನಿಂತವರಿಗೆಲ್ಲ ತಿರುಗಿಸಿ ತೋರಿಸಿದರು.

"ಬಿಡಬೇಕಂತನೇ ಬಿಟ್ಟೆ ರೀ. ಕೈ ಬಿಡಲಿಲ್ಲ. ನಲವತ್ತು ವರ್ಷ ಕಲ್ಲು ಬೀಳಬಾರದು, ಬೀಳಬಾರದು ಅಂತ ಸಾಕಿದ ಕೈ ಇದು. ನನ್ನ ಮಾತು ಕೇಳಲಾರದ, ಹಗ್ಗಾನ ಬಿಗಿ ಹಿಡದೈತಿ. ಪೆಟಗಿ ಬಿದ್ದಿಲ್ಲ, ಇಳದೈತಿ. ಮನಿಗೆ ಹೋಗಿ ನೀರಾಗ ಕೈ ಅದ್ದಿದಾಗ ತಿಳೀತು. ಅವತ್ತೇ ಹೇಳಬೇಕಿತ್ತು. ಆರು ದಿನ ಹೇಳಲಿಲ್ಲ. ಅಂಜಿದೆ."

ಯಾತಕ್ಕೆ ಅಂಜಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ತಕ್ಕಡಿ ಅಲ್ಲೇ ಹತ್ತು ಹೆಜ್ಜೆಯ ಮೇಲೆ ತೂಗುತ್ತಿತ್ತು. ಅವರು ಸುಮ್ಮನಿದ್ದಿದ್ದರೆ ಆ ಅಂಗೈಯನ್ನು ಕೇಳುವವರು ಯಾರಿದ್ದರು? ಸಾಹೇಬರು ಎದ್ದು, "ಛೋಡೋ ಭಾಯಿ, ಆಟ ಆಡಿದ್ದು ಆತು, ಇಲ್ಲಿಗೆ ಬಿಡೂಣು" ಎಂದರು. ತಾತ ಕೇಳಲಿಲ್ಲ. "ಈ ಸಲ ಕೈ ಇರೂದೇ ಬ್ಯಾಡ" ಎಂದು ಹಗ್ಗವನ್ನು ಮರದ ಬೇರಿಗೆ ಬಿಗಿದು ಕಟ್ಟಿದರು. ಪೆಟ್ಟಿಗೆಯತ್ತ ತಿರುಗಿ ಕಲ್ಲಿಗೆ ಕೈ ಮುಗಿದು, ತಪ್ಪಾಯಿತು ಎಂದರು. ಆಮೇಲೆ ಕುಡುಗೋಲು ತೆಗೆದುಕೊಂಡು ಹಗ್ಗಕ್ಕೆ ಒಂದೇ ಏಟು ಹಾಕಿದರು.

ಠಣ್!

ಆಮೇಲೆ, ಆಮೇಲಷ್ಟೇ, ಪೆಟ್ಟಿಗೆ ಧಡ್ಡೆಂದು ಬಿತ್ತು.

ಪುಸ್ತಕದಲ್ಲಿ ಓದುವುದು ಬೇರೆ. ಸಿಂಧನೂರಿನ ಹುಣಸೆ ಮರದ ಕೆಳಗೆ ಕಬ್ಬಿಣದ ಕಲ್ಲು ತನ್ನ ಭಾರವನ್ನು ಕಳಚಿಟ್ಟು ಮೇಲೆದ್ದು ಗಂಟೆ ಬಾರಿಸುವುದನ್ನು ಕೇಳುವುದು ಬೇರೆ. ಆದರೆ ನನಗಿಂತ ಮೊದಲು ಕೂಗಿದವರು ತಾತ. "ಬಡೀತು! ಬಡೀತಲೇ! ಕೇಳಿದ್ರೇನು? ಇನ್ನೂ ಬೀಳಾಕತ್ತಿತ್ತು, ಆಗಲೇ ಬಡೀತು!" ಕುಡುಗೋಲು ಹಿಡಿದೇ ಕುಣಿದರು. ಸಾಹೇಬರನ್ನು ತಬ್ಬಿಕೊಂಡು ಅವರ ಟೋಪಿ ಬೀಳಿಸಿದರು. ಮತ್ತೆ ಕಟ್ಟಿಸಿದರು, ಮತ್ತೆ ಕಡಿದರು. ಹಗ್ಗ ಮೊಳದುದ್ದದ ತುಂಡುಗಳಾಗಿ ಮುಗಿಯುವವರೆಗೆ ಬಿಡಲಿಲ್ಲ. ದಾರಿಯಲ್ಲಿ ಹೋಗುವವರನ್ನು ತೋಳು ಹಿಡಿದು ಎಳೆದು ತಂದು ಕೇಳಿಸಿದರು. ಸೋತವರೊಬ್ಬರು ಅಷ್ಟು ಸಂತೋಷಪಟ್ಟದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಕೊನೆಯ ತುಂಡು ಕಡಿದ ಮೇಲೆ ಬೆವರು ಒರೆಸಿಕೊಂಡರು. ಕಲ್ಲನ್ನು ಪೆಟ್ಟಿಗೆಯಿಂದ ಬಿಚ್ಚಿ, ಕಣ್ಣಿಗೊತ್ತಿಕೊಂಡು, ತಕ್ಕಡಿಯ ಬುಡದಲ್ಲಿ ಇಟ್ಟು ಮನೆಗೆ ಹೋದರು. ಆಗಲೇ ನಮಗೆ ಆಣೆ ನೆನಪಾದದ್ದು.

ಮರುದಿನ ಪೇಟೆಗೆ ಬಂಡಿಗಳು ಬಂದವು. ತಾತ ತಕ್ಕಡಿಯ ಪಕ್ಕ ಖಾಲಿ ಚೀಲದ ಮೇಲೆ ಕೈ ಕಟ್ಟಿ ಕುಳಿತಿದ್ದರು. ಶಾಲೆಯ ಊಟದ ಬಿಡುವಿನಲ್ಲಿ ನಾನು ಓಡಿ ಬಂದು ನೋಡಿದರೆ ಸಾಹೇಬರು ಆಗಲೇ ಅಲ್ಲಿ ನಿಂತು ಗೋಗರೆಯುತ್ತಿದ್ದರು. ತಾತ ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೆ. ರೈತರು ಬೇರೆ ತಕ್ಕಡಿಗೂ ಹೋಗದೆ, ಇಲ್ಲೂ ತೂಗಿಸದೆ ಗುಂಪುಗಟ್ಟಿ ನಿಂತಿದ್ದರು. ನನ್ನ ಸೈಕಲ್ ಟ್ಯೂಬು ಒಬ್ಬ ಮನುಷ್ಯನ ಬದುಕನ್ನೇ ಕತ್ತರಿಸಿತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅಷ್ಟರಲ್ಲಿ ವಳಕಮದಿನ್ನಿಯ ಒಬ್ಬ ಮುದುಕಿ ತಲೆಯ ಮೇಲಿನ ಹತ್ತಿಯ ಗಂಟನ್ನು ತಾತನ ಮುಂದೆ ಇಳಿಸಿದಳು.

"ತೂಗಪ್ಪ."

"ಆಣಿ ಮಾಡೀನವ್ವ. ಮುಟ್ಟಂಗಿಲ್ಲ. ಬೀಳೋ ವಸ್ತುವಿಗೆ ಭಾರ ಇಲ್ಲಂತ ಖರೇ ಆತು. ನಾ ಇಷ್ಟು ವರ್ಷ ಹೇಳಿದ್ದು ಸುಳ್ಳಾತು."

ಮುದುಕಿ ತನ್ನ ಗಂಟನ್ನು ನೋಡಿದಳು, ತಾತನನ್ನು ನೋಡಿದಳು. "ನನ್ನ ಹತ್ತಿ ಬೀಳಾಕತ್ತೈತೇನು?"

"ಇಲ್ಲವ್ವ. ಕುಂತೈತಿ."

"ಮತ್ತ ಕುಂತದ್ದನ್ನ ತೂಗು. ಬೀಳೋದನ್ನ ತೂಗಂತ ನಿನಗ ಯಾರು ಅಂದಾರ? ಹೊತ್ತು ಹೋಗಾಕತ್ತೈತಿ, ಊರು ಮುಟ್ಟಬೇಕು ನಾ."

ಸಾಹೇಬರು "ವಾಹ್!" ಎಂದು ತೊಡೆ ತಟ್ಟಿಕೊಂಡರು. ಆ ಪಂಡಿತ ಪುಟಗಟ್ಟಲೆ ಹೇಳಿದ್ದು ಇದನ್ನೇ: ಅಳೆಯುವವನು ನಿಂತ ಜಾಗ ಮೊದಲು ಹೇಳು, ಎಂದು ಉರ್ದು ಕನ್ನಡ ಕೂಡಿಸಿ ಅರಚಿದರು. ತಾತ ತಮ್ಮ ಅಂಗೈ ನೋಡಿಕೊಂಡರು. "ತಡದಾಗ ಸುಟ್ಟಿತು. ಕಡದಾಗ ಏನೂ ಇರಲಿಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡು ನನ್ನತ್ತ ತಿರುಗಿದರು. "ಭಾರ ಹಿಡದಾಂವನ ಕಡೆ ಐತಿ ಮಾಸ್ತರ. ನಾ ವಸ್ತುವಿನ್ಯಾಗ ಹುಡಕ್ಯಾಡಿದೆ."

"ಆಣಿ ಕೊಟ್ಟಿದ್ದು ನಮಗ" ಎಂದರು ಸಾಹೇಬರು. "ಗೆದ್ದವರು ನಾವು. ನಾವು ವಾಪಸ್ ಕೊಡಾಕತ್ತೀವಿ. ಏಳ್ರಿ."

ತಾತ ಎದ್ದರು. ಆದರೆ ಆಣೆಯನ್ನು ಪುಕ್ಕಟೆ ವಾಪಸ್ ಪಡೆಯುವ ಆಳಲ್ಲ ಅವರು. ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡರು. ಅಂದಿನಿಂದ ತಕ್ಕಡಿಯ ಮುಳ್ಳು ಅಲುಗುವುದು ಪೂರ್ತಿ ನಿಂತು, ಮಾಲು ತಂದವರು ತಾವೇ ಬಾಯಿಬಿಟ್ಟು "ನಿಂತೈತಿ" ಎನ್ನುವವರೆಗೆ ತೂಕ ಕೂಗುವಂತಿಲ್ಲ. ಮೊದಲ "ನಿಂತೈತಿ" ಹೇಳಿದವಳು ಆ ಮುದುಕಿ. "ಲಾಭಾ" ಎಂದು ತಾತ ರಾಗ ಎಳೆದಾಗ ಅರ್ಧ ಪೇಟೆಯ ಕಣ್ಣು ಒದ್ದೆಯಾಗಿತ್ತು, ನನ್ನದಂತೂ ಪೂರಾ. ಅವಸರದ ದಲಾಲರು ಗೊಣಗಿದರು. ತಾತ ಕ್ಯಾರೆ ಎನ್ನಲಿಲ್ಲ. "ಓಡೋ ತಕ್ಕಡಿ ಕಾಲ ಬ್ಯಾರೆ, ನಿಂತ ತಕ್ಕಡಿ ಕಾಲ ಬ್ಯಾರೆ. ನಿಮಗ ತಿಳಿಯಂಗಿಲ್ಲ, ಶುಕ್ರವಾರ ಬರ್ರಿ" ಎನ್ನುವರು.

ಮುಂದೆ ನನಗೆ ಲಿಂಗಸುಗೂರಿಗೆ ವರ್ಗವಾಯಿತು. ರಾಜ್ಯ ಬದಲಾಯಿತು, ಹಕೀಮ್ ಸಾಹೇಬರು ಮಗಳ ಊರಿಗೆ ಹೋದರು, ಶುಕ್ರವಾರದ ರಜೆಯೂ ಹೋಯಿತು. ಮಣ ಹೋಗಿ ಕಿಲೋ ಬರುವ ಮೊದಲೇ ತಾತ ಹಾಸಿಗೆ ಹಿಡಿದರು. ಸುದ್ದಿ ಕೇಳಿ ಮಸ್ಕಿಗೆ ಹೋದೆ. ಗೋಡೆಗೆ ಒರಗಿ ಕುಳಿತಿದ್ದರು. ಆ ಉದ್ದನೆಯ ತೋಳುಗಳು ಕೌದಿಯ ಮೇಲೆ ಎರಡು ಹಗ್ಗದಂತೆ ಬಿದ್ದಿದ್ದವು. ಕಣ್ಣು ಮಾತ್ರ ಗುರುವಾರ ಸಂಜೆಯ ಕಣ್ಣೇ. "ಜರ್ಮನಿಯಾಂವ ಹೊಸಾದೇನರ ಹೇಳ್ಯಾನೇನ್ರಿ?" ಎಂದೇ ಮಾತು ಶುರು ಮಾಡಿದರು.

ಒಂದಷ್ಟು ಮಾತಾದ ಮೇಲೆ ನಾನು ಬಹುಕಾಲದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ತಾತ, ಅವತ್ತು ನೀವು ಕೈ ತೋರಿಸಲಿಲ್ಲ ಅಂದಿದ್ರ ಯಾರಿಗೂ ತಿಳೀತಿದ್ದಿಲ್ಲ. ಗೆದ್ದಂಗೇ ಇರ್ತಿದ್ರಿ."

ಅವರು ಬಲ ಅಂಗೈಯನ್ನು ನನ್ನ ಮುಂದೆ ಬಿಚ್ಚಿ ಹಿಡಿದರು.

"ಗೆದ್ದಂಗ ಇರ್ತಿದ್ದೆ, ಹೌದು. ಆ ಗಂಟಿ ಕೇಳಲಾರದ ಸಾಯಬೇಕಾಗ್ತಿತ್ತಲ್ಲ ಮಾಸ್ತರ."

ಹದಿನೈದು ದಿನಕ್ಕೆ ಅವರು ಹೋದರೆಂದು ತಿಳಿಯಿತು. ನಾನು ಆಮೇಲೆಯೂ ಬಹಳ ವರ್ಷ ಕಲಿಸಿದೆ, ಹುಡುಗರ ಮುಂದೆ ಎಷ್ಟೋ ಪ್ರಯೋಗ ಮಾಡಿದೆ. ಉತ್ತರ ತಪ್ಪಿ ಬಂದರೆ ಎಲ್ಲರೂ ತಪ್ಪು ಹುಡುಕುತ್ತಾರೆ, ಅದಕ್ಕೆ ಗುರು ಬೇಕಿಲ್ಲ. ನನಗೆ ಬೇಕಾದ ಉತ್ತರವೇ ಬಂದು ಹುಡುಗರು ಚಪ್ಪಾಳೆ ತಟ್ಟಿದ ದಿನ ಮಾತ್ರ ನಾನು ಮೊದಲು ನನ್ನ ಅಂಗೈ ತಿರುಗಿಸಿ, ಹಗ್ಗದ ಗೆರೆ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ.